ಕರೆಂಟ್ ಕಂಪನಿಯ ಮಾಲೀಕ

ಹೊಸಪೇಟೆಯ ಮೇನ್ ಬಜಾರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ಮರಿಸ್ವಾಮಿ ಹುಟ್ಟು ಹೆದರುಪುಕ್ಕಲ. ಅವನು ಸೈಕಲ್ ಕಲಿತದ್ದು ಮೂವತ್ತು ದಾಟಿದ ಮೇಲೆ. ಅದೂ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಒಂದು ಇಡೀ ಬೇಸಿಗೆ ಕೂತು ಪೆಡಲ್ ತುಳಿದು, ಧೈರ್ಯ ಬಂದ ನಂತರ. ಅಂಥವನ ಕೈಗೆ ೨೦೦೫ರಲ್ಲಿ ಒಮ್ಮೆಲೇ ದುಡ್ಡು ಬಂತು. ವಡ್ಡು ಗ್ರಾಮದಲ್ಲಿ ಅವನ ಅಪ್ಪ ಬಿಟ್ಟುಹೋಗಿದ್ದ ಕಲ್ಲುಭೂಮಿ, ಜಾಲಿಗಿಡ ಕೂಡ ಒಲ್ಲದ ಮನಸ್ಸಿನಿಂದ ಬೆಳೆಯುತ್ತಿದ್ದ ಜಾಗ, ಸುತ್ತ ಎದ್ದ ಉಕ್ಕಿನ ಕಾರ್ಖಾನೆಗಳ ದೆಸೆಯಿಂದ ಬಂಗಾರದ ಬೆಲೆಗೆ ಹೋಯಿತು. ಬಂದದ್ದರಲ್ಲಿ ಅರ್ಧ ಮರಿಸ್ವಾಮಿಗೆ, ಇನ್ನರ್ಧ ಕಂಪ್ಲಿಯಲ್ಲಿ ಭತ್ತ ಬೆಳೆಸಿಕೊಂಡು ಒಂಟಿಯಾಗಿ ಸಂಸಾರ ತೂಗಿಸುತ್ತಿದ್ದ ಅವನ ಅಕ್ಕ ಅಕ್ಕನಾಗಮ್ಮನಿಗೆ.

ಆ ಕಾಲದಲ್ಲಿ ಹೊಸಪೇಟೆಯಲ್ಲಿ ಕೈಯಲ್ಲಿ ದುಡ್ಡಿದ್ದವನು ಟಿಪ್ಪರ್ ಕೊಳ್ಳಬೇಕೆಂಬುದು ಒಂದು ಕಾನೂನಿನಂತೆ ಇತ್ತು. ಸಂಡೂರಿನ ಗುಡ್ಡದಿಂದ ಅದಿರು ಹೊತ್ತ ಲಾರಿಗಳು ಹಗಲೆಲ್ಲ ಕೆಂಪು ಧೂಳೆಬ್ಬಿಸುತ್ತಾ ಹರಿಯುತ್ತಿದ್ದವು. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನು ಸಂಜೆಗೆ ಕಾವಿಧಾರಿಯಾಗಿ ಮನೆಗೆ ಬರುತ್ತಿದ್ದ. ಮರಿಸ್ವಾಮಿಯ ಹೆಂಡತಿ ಚೆನ್ನಬಸಮ್ಮನ ತಮ್ಮ, ಸಂಡೂರಿನ ಎರ್ರಿಯಪ್ಪ, ಆರು ಟಿಪ್ಪರ್ ಇಟ್ಟು ಕೊರಳಿಗೆ ನಾಯಿ ಸರಪಳಿಯಷ್ಟು ದಪ್ಪದ ಚೈನು ಹಾಕಿಕೊಂಡಿದ್ದ.

“ಮಾವ, ಯೋಚ್ನೆ ಮಾಡಬ್ಯಾಡ್ರಿ, ಟಿಪ್ಪರ್ ತಗೊಳ್ರಿ. ಒಂದು ಟಿಪ್ಪರ್ ಇದ್ರ ದುಡಿಯೋ ಮಗ ಒಬ್ಬ ಇದ್ದಂಗ” ಎಂದ.

“ಮಗ ಘಾಟಿನಾಗ ಪಲ್ಟಿ ಹೊಡಿಯಂಗಿಲ್ಲಲ್ಲೋ ಎರ್ರಿ” ಎಂದ ಮರಿಸ್ವಾಮಿ.

ಹೀಗೆ ಹೆದರಿಕೊಂಡೇ ಅವನು ಸ್ಟೇಷನ್ ರಸ್ತೆಯ ಮಹಡಿಯಲ್ಲಿ ಶೇರು ವ್ಯವಹಾರದ ಆಫೀಸು ಇಟ್ಟಿದ್ದ ಬಸವಕುಮಾರನ ಬಳಿಗೆ ಹೋದ. ಬಸವಕುಮಾರ ಹುಡುಗನಾದರೂ ತಾಳ್ಮೆಯವನು. ಕೆಲವು ಗಣಿ ಕಂಪನಿಗಳ ಹೆಸರು ಹೇಳಿ ನೋಡಿದ. ಪ್ರತಿ ಹೆಸರಿಗೂ ಮರಿಸ್ವಾಮಿ ಕುರ್ಚಿಯಲ್ಲಿ ಒಂದಿಷ್ಟು ಹಿಂದೆ ಸರಿದ. ಕುರ್ಚಿ ಗೋಡೆಗೆ ತಾಗಿದಾಗ ಬಸವಕುಮಾರ ಭೈರವ ಪವರ್ ಲೈನ್ಸ್ ಎಂಬ ಕಂಪನಿಯ ಮಾತು ತೆಗೆದ.

“ಅಣ್ಣಾರ, ಇವರದು ದೊಡ್ಡ ದೊಡ್ಡ ಟವರ್ ನಿಲ್ಲಿಸಿ ಊರಿಂದ ಊರಿಗೆ ಕರೆಂಟ್ ಸಾಗಿಸೋ ಕೆಲಸ. ರೇಟು ಇವರು ಇಡಂಗಿಲ್ಲ, ಸರ್ಕಾರದ ಆಯೋಗ ಇಡ್ತೈತಿ. ಲೈನಿಗೆ ಇಷ್ಟು ಖರ್ಚಾತು, ಅದರ ಮ್ಯಾಲೆ ಇಷ್ಟು ಲಾಭ ಅಂತ ಆಯೋಗಾನ ಗೊತ್ತು ಮಾಡ್ತೈತಿ. ಲೈನು ಸರಿಯಾಗಿ ಇಟ್ಟರ ಸಾಕು, ಅಷ್ಟು ಬಂದ ಬರ್ತೈತಿ. ಬಂದದ್ರಾಗ ವರ್ಷಾ ವರ್ಷಾ ಡಿವಿಡೆಂಡ್ ಅಂತ ನಿಮಗ ಪಾಲು.”

“ಅಂದ್ರ ಹತ್ತು ಪಟ್ಟು ಆಗಂಗಿಲ್ಲ?”

“ಆಗಂಗಿಲ್ರಿ.”

“ಒಮ್ಮೆಲೇ ಮುಳುಗಂಗೂ ಇಲ್ಲ?”

“ಅಷ್ಟು ಸುಲಭ ಮುಳುಗಂಗಿಲ್ರಿ.”

“ಭಾಳ ಛಲೋ ಆತು!” ಎಂದು ಮರಿಸ್ವಾಮಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಲಾಭ ಹೆಚ್ಚಾಗುವುದಿಲ್ಲ ಎಂಬ ಮಾತಿಗೆ ಇಷ್ಟು ಹಿಗ್ಗಿದ ಗಿರಾಕಿಯನ್ನು ಬಸವಕುಮಾರ ಅದುವರೆಗೆ ಕಂಡಿರಲಿಲ್ಲ.

ಹಾಗೆಂದು ಮರಿಸ್ವಾಮಿ ಅಂದೇ ಕೊಳ್ಳಲಿಲ್ಲ. ಪಾತ್ರೆ ವ್ಯಾಪಾರಿ ಹೊಳಪಿಗೆ ಮರುಳಾಗುವವನಲ್ಲ, ತಳ ಬಡಿದು ನೋಡುವವನು. ಆ ಬೇಸಿಗೆಯೆಲ್ಲ ಅಂಗಡಿ ಮುಚ್ಚುವ ಮೊದಲು ಒಂದು ಗಳಿಗೆ ಬಸವಕುಮಾರನ ಬಳಿಗೆ ಹೋಗಿ ಕಂಪನಿಯ ತಳ ಬಡಿದ. ಬಂದ ಲಾಭದಲ್ಲಿ ಎಷ್ಟು ಹಂಚುತ್ತಾರೆ? ಅರ್ಧ. ಉಳಿದರ್ಧ? ಹೊಸ ಲೈನಿಗೆ. ಪೂರ್ತಿ ಹಂಚಿಬಿಟ್ಟರೆ ನಾಳೆಗೆ ಏನೂ ಉಳಿಯದು, ಆದ್ದರಿಂದ ಅರ್ಧವೇ ಸರಿ ಎಂದ ಮರಿಸ್ವಾಮಿ. ಸಾಲ ಎಷ್ಟಿದೆ, ಅದರ ಬಡ್ಡಿ ಲಾಭವನ್ನು ತಿಂದುಹಾಕುವಷ್ಟಿದೆಯೋ? ಲೈನು ಬಳಸಿದವರು ಅದರ ಬಾಡಿಗೆ ಸರಿಯಾಗಿ ಕೊಡುತ್ತಾರೋ, ಕೆಲವು ಗಿರಾಕಿಗಳಂತೆ ‘ದೀಪಾವಳಿಗೆ ನೋಡೋಣು’ ಎನ್ನುತ್ತಾರೋ? ಆಯೋಗ ನಾಳೆ ಲಾಭ ಕಡಿಮೆ ಮಾಡಿದರೆ ಏನು ಗತಿ? ಡಿವಿಡೆಂಡ್ ಯಾವ ವರ್ಷವಾದರೂ ತಪ್ಪಿತ್ತೋ? ಉತ್ತರ ಕೊಟ್ಟು ಕೊಟ್ಟು ಬಸವಕುಮಾರ ಸ್ವತಃ ಒಂದಿಷ್ಟು ಕಲಿತ.

ಎಲ್ಲ ಸರಿ ಎನಿಸಿದ ಮೇಲೆ ಮರಿಸ್ವಾಮಿ ಕಂಪ್ಲಿಗೆ ಹೋಗಿ ಅಕ್ಕನ ಪಡಸಾಲೆಯಲ್ಲಿ ಕೂತು ವಿಷಯ ಬಿಡಿಸಿ ಹೇಳಿದ.

“ಕಾಲುವಿ ಇದ್ದಂಗಕ್ಕ. ನೀರು ಯಾರ ಗದ್ದಿಗೆ ಹೋತು, ಅವರು ಏನು ಬೆಳೆದ್ರು, ಕಾಲುವಿ ಕಟ್ಟಿದವನಿಗೆ ಸಂಬಂಧ ಇಲ್ಲ. ಕಾಲುವಿ ಒಡೀದಂಗ ನೋಡಿಕೊಂಡ್ರ ಅವನ ಪಾಲು ಅವನಿಗೆ.”

“ಶೇರಿನ ಬೆಲೆ ಬಿದ್ರ ಏನು ಮಾಡ್ತೀಯೋ ತಮ್ಮ?”

“ಬೀಳ್ಲಿ. ಸಂತ್ಯಾಗ ಎಮ್ಮಿ ರೇಟ್ ಇಳಿದ್ರ ನಿನ್ನ ಕೊಟ್ಟಿಗ್ಯಾಗಿನ ಎಮ್ಮಿ ಹಾಲು ಕಮ್ಮಿ ಕೊಡ್ತೈತೇನು? ನಾವು ಮಾರಾಕ ತಗೊಳ್ಳಾಕ ಹತ್ತಿಲ್ಲ, ಹಾಲು ಕುಡಿಯಾಕ.”

ಅಕ್ಕನಾಗಮ್ಮನಿಗೆ ಎಮ್ಮೆಯ ಮಾತು ತಟ್ಟನೆ ಹಿಡಿಸಿತು. ಅಕ್ಕ ತಮ್ಮ ಇಬ್ಬರೂ ಭೈರವ ಪವರ್ ಲೈನ್ಸಿನ ಶೇರು ಕೊಂಡರು. ವರ್ಷ ತುಂಬಿತು, ಡಿವಿಡೆಂಡ್ ಬಂತು. ಇನ್ನೊಂದು ವರ್ಷ ತುಂಬಿತು, ಮತ್ತೆ ಬಂತು. ಮರಿಸ್ವಾಮಿ ಇಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಗೆ ಕೆಲಸವೇ ಇರುತ್ತಿರಲಿಲ್ಲ.

ಎರ್ರಿಯಪ್ಪ ಏಳನೆಯ ಟಿಪ್ಪರ್ ತಂದು ಸಂಡೂರಿನಲ್ಲಿ ಪೂಜೆ ಇಟ್ಟ. ಬೀಗರು, ಬಿಜ್ಜರು, ಗಣಿ ಮ್ಯಾನೇಜರುಗಳು ಸೇರಿದ್ದರು. ಊಟದ ಪಂಕ್ತಿಯಲ್ಲಿ ಯಾರೋ ಮರಿಸ್ವಾಮಿಯನ್ನು ತೋರಿಸಿ “ಇವರು ಏನು ಮಾಡ್ತಾರ?” ಎಂದು ಕೇಳಿದರು. ಎರ್ರಿಯಪ್ಪ ತುಪ್ಪ ಬಡಿಸುತ್ತಾ, “ನಮ್ಮ ಮಾವಾರು ಚಮಚ ಮಾರ್ತಾರ್ರಿ” ಎಂದುಬಿಟ್ಟ. ಪಂಕ್ತಿಯೆಲ್ಲ ನಕ್ಕಿತು. ಚೆನ್ನಬಸಮ್ಮ ತಲೆ ತಗ್ಗಿಸಿದಳು. ಹೆಂಡತಿಯ ಬಗ್ಗಿದ ತಲೆ ಕಂಡು ಮರಿಸ್ವಾಮಿಗೆ ಜೀವಮಾನದಲ್ಲಿ ಮೊದಲ ಸಲ ರೋಷ ಉಕ್ಕಿತು.

“ಚಮಚ ಅಷ್ಟ ಅಲ್ರಿ. ನಾನು ಕರೆಂಟ್ ಕಂಪನಿ ಮಾಲೀಕ!” ಎಂದ, ಎದ್ದು ನಿಂತು, ಎಡಗೈಯಲ್ಲಿ ಎಲೆ ಹಿಡಿದು.

ಪಂಕ್ತಿಯೆಲ್ಲ ಅವನ ಕಡೆ ತಿರುಗಿತು. ಶೇರು ಕೊಂಡವನು ಕಂಪನಿಯ ಮಾಲೀಕರಲ್ಲಿ ಒಬ್ಬನೆಂಬುದು ಕಾನೂನಿನ ಪ್ರಕಾರ ನಿಜವೇ. ಆದರೆ ಕಂಪನಿಯನ್ನು ಎಷ್ಟು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಚೂರು ಇವನದು ಎಂಬುದನ್ನು ಹೇಳಲು ಮರಿಸ್ವಾಮಿ ಮರೆತ. ನೆನಪಾಗುವಷ್ಟರಲ್ಲಿ ಎರ್ರಿಯಪ್ಪ ಅವನ ಎಲೆಗೆ ಎರಡನೆಯ ಸಲ ತುಪ್ಪ ಬಡಿಸಿದ್ದ.

ಮಾತು ಅವನಿಗಿಂತ ಮೊದಲೇ ಹೊಸಪೇಟೆ ತಲುಪಿತು. ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಪಕ್ಕದ ಮನೆಯ ಉಚ್ಚೆಂಗಮ್ಮ, ಖಾನಾವಳಿ ನಡೆಸುವ ಗಟ್ಟಿಗಿತ್ತಿ, ಅರ್ಧ ರುಬ್ಬಿದ ಹಿಟ್ಟಿನ ಬೋಗುಣಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

“ಏನ್ ಮರಿಸ್ವಾಮ್ಯಾರ, ಮಾಲೀಕರಾಗಿ ಬಾಜೂ ಮನಿಗೆ ಹಿಂಗ ಮಾಡೋದೇನ್ರಿ? ವಡಿಗೆ ರುಬ್ಬಾಕ ಹಾಕಿದ್ದೆ, ಕರೆಂಟ್ ತಗದ್ರಿ. ಮೂವತ್ತು ಮಂದಿ ಡ್ರೈವರ್‌ಗಳು ತಾಟು ಬಡಿಯಾಕ ಹತ್ಯಾರ. ಬರ್ರಿ, ನೀವ ರುಬ್ಬರಿ.”

“ಉಚ್ಚೆಂಗಮ್ಮಾರ, ನಮ್ಮದು ದೊಡ್ಡ ಲೈನು, ಮನಿ ಲೈನು ನಮ್ಮದಲ್ರಿ...”

“ದೊಡ್ಡದು ಇಟ್ಟುಕೊಂಡವರಿಗೆ ಸಣ್ಣದು ಯಾವ ಲೆಕ್ಕ? ಹಚ್ಚಿಸ್ರಿ!”

ಅಷ್ಟರಲ್ಲಿ ಕರೆಂಟು ತಾನಾಗಿಯೇ ಬಂತು. ಮರಿಸ್ವಾಮಿಯ ಪಾಲಿಗೆ ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಉಚ್ಚೆಂಗಮ್ಮ ಬಜಾರಿನ ತುದಿಯವರೆಗೂ ಸಾರಿದಳು: “ಒಂದು ಮಾತು ಅಂದೆ, ಹಚ್ಚಿಸಿಬಿಟ್ರು!”

ಅಲ್ಲಿಂದ ಅಂಗಡಿಗೆ ಬಂದವರಲ್ಲಿ ಪಾತ್ರೆ ಕೊಳ್ಳುವವರು ಕಡಿಮೆಯಾದರು. ಮೀಟರ್ ಓಡುತ್ತದೆ ಎಂದವರು, ಓಡುವುದಿಲ್ಲ ಎಂದವರು, ಮಗಳ ಮದುವೆಯ ಸಂಜೆ ಮಾತ್ರ ಕರೆಂಟ್ ತೆಗೆಯಬಾರದೆಂದು ಲಗ್ನಪತ್ರಿಕೆ ಕೊಟ್ಟವರು. ಕರೆಂಟ್ ಆಫೀಸಿಗೆ ಹೊಸದಾಗಿ ಬಂದಿದ್ದ ಸೆಕ್ಷನ್ ಆಫೀಸರು ಕೂಡ ಒಂದು ಹಾರ, ಒಂದು ಬುಟ್ಟಿ ಮೂಸಂಬಿಯೊಂದಿಗೆ ಬಂದು ಕೈಕಟ್ಟಿ ನಿಂತರು. “ಸರ್, ತಾವು ಇಲ್ಲೇ ಇದ್ದೀರಿ ಅಂತ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೆ ಈ ಧೂಳು ಆಗಿಬರೋದಿಲ್ಲ ಸರ್. ಶಿವಮೊಗ್ಗ ಕಡೆಗೆ ವರ್ಗಕ್ಕೆ ಒಂದು ಮಾತು...” ಮರಿಸ್ವಾಮಿ ತನಗೂ ಆ ಇಲಾಖೆಗೂ ಸಂಬಂಧವೇ ಇಲ್ಲವೆಂದು ಕೈಮುಗಿದು ಬೇಡಿಕೊಂಡ. ಆಫೀಸರು ಹೊರಗೆ ಬಂದು ಲೈನ್‌ಮನ್‌ಗೆ ಹೇಳಿದರಂತೆ: “ಎಷ್ಟು ದೊಡ್ಡ ಮನುಷ್ಯರು! ಎಷ್ಟು ಸರಳ!”

ಇದೆಲ್ಲವನ್ನೂ ಮೀರಿಸಿದವನು ವಡ್ಡುವಿನ ಜಂಬಯ್ಯ. ಅವನು ಟೆಂಪೋದಲ್ಲಿ ಒಂದು ಎಮ್ಮೆಯನ್ನು ತಂದು ಅಂಗಡಿಯ ಮುಂದಿನ ಕಂಬಕ್ಕೆ ಕಟ್ಟಿದ.

“ನಿಮ್ಮ ಟವರ್ ನನ್ನ ಹೊಲದಾಗ ನಿಂತು ಗುಂಯ್ ಅಂತೈತ್ರಿ. ಆ ಸಪ್ಪಳಕ್ಕ ಎಮ್ಮಿ ಹೆದರಿ ಹಾಲು ಬಿಡವಲ್ದು. ಬಿಡೋತನಕ ನಿಮ್ಮ ಕಡೀನ ಇರ್ಲಿ.”

“ಆ ಟವರ್ ನಮ್ಮ ಕಂಪನೀದೋ ಮತ್ತೊಬ್ಬರದೋ, ನೋಡ್ಬೇಕಲ್ಲಪ್ಪ.”

“ನೋಡ್ರಿ. ಅಲ್ಲೀತನಕ ಹೊಟ್ಟು ಹಾಕ್ರಿ.”

ಎಮ್ಮೆ ಬಜಾರನ್ನೆಲ್ಲ ಒಮ್ಮೆ ಗಂಭೀರವಾಗಿ ನೋಡಿ, ಮೈ ತುರಿಸಿಕೊಳ್ಳಲು ಅಂಗಡಿಯ ಮುಂಗಟ್ಟಿಗೆ ಒರಗಿತು. ಒಂದರ ಮೇಲೊಂದು ಇಟ್ಟಿದ್ದ ಕೊಡ, ಹಂಡೆ, ಡಬರಿ ಎಲ್ಲ ಧಡಾರನೆ ಉರುಳಿದವು. ಆ ಸದ್ದಿಗೆ ರಸ್ತೆಯಲ್ಲಿದ್ದ ಟಿಪ್ಪರ್ ಕೂಡ ಬ್ರೇಕ್ ಹಾಕಿತು. ಎಮ್ಮೆ ಮಾತ್ರ ಅಲುಗಲಿಲ್ಲ. ಸಂಜೆ ಚೆನ್ನಬಸಮ್ಮ ಮೆಲ್ಲಗೆ ಕೆಚ್ಚಲಿಗೆ ಕೈ ಹಾಕಿದರೆ ಅದು ಒಂದು ತಂಬಿಗೆ ತುಂಬ ಹಾಲು ಕೊಟ್ಟಿತು. ಮರಿಸ್ವಾಮಿ ಬದುಕಿದೆ ಎಂದುಕೊಂಡ.

“ನೋಡಿದ್ರ್ಯಾ?” ಎಂದು ಜಂಬಯ್ಯ ನೆರೆದ ಮಂದಿಯ ಕಡೆ ತಿರುಗಿದ. “ಇಂಥಾ ಗದ್ದಲದಾಗ ಹಾಲು ಕೊಡ್ತೈತಿ, ನನ್ನ ಹೊಲದಾಗ ಕೊಡಂಗಿಲ್ಲ. ಅಂದ್ರ ತಪ್ಪು ಟವರಿಂದ ಅಲ್ಲೇನು?” ಮಂದಿಯೆಲ್ಲ ಹೌದೆಂದರು, ಎಮ್ಮೆ ಅಲ್ಲೇ ಉಳಿಯಿತು.

ಆ ವರ್ಷವೇ ಕರೆಂಟ್ ದರ ಏರಿಸುವ ಮಾತು ಬಂದು, ದರ ಗೊತ್ತುಮಾಡುವ ಆಯೋಗದವರು ಜನರ ಅಹವಾಲು ಕೇಳಲು ಊರಿಗೆ ಬಂದರು. ಬಜಾರಿನವರು ಮರಿಸ್ವಾಮಿಯನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಹೋದರು. ಒಳಗಿನ ಮನುಷ್ಯನೇ ದರ ಏರಿಸಬೇಡಿ ಎಂದರೆ ಆಯೋಗ ಕೇಳದಿರುತ್ತದೆಯೇ? ಸಭೆಯಲ್ಲಿ ಉಚ್ಚೆಂಗಮ್ಮ ಅವನ ಬೆನ್ನಿಗೆ ಕೈಯಿಟ್ಟು ಮೈಕಿನ ಮುಂದೆ ದಬ್ಬಿದಳು.

ಆಯೋಗದ ಅಧ್ಯಕ್ಷರು ಸೌಮ್ಯವಾಗಿ ಕೇಳಿದರು: “ತಾವು ಗ್ರಾಹಕರ ಪರವೋ, ಹೂಡಿಕೆದಾರರ ಪರವೋ?”

“ಬಿಲ್ ಬಂದಾಗ ಗ್ರಾಹಕ ಸರ್, ಡಿವಿಡೆಂಡ್ ಬಂದಾಗ ಹೂಡಿಕೆದಾರ” ಎಂದ ಮರಿಸ್ವಾಮಿ. ಸಭೆ ನಕ್ಕಿತು. ಅಲ್ಲಿಗೆ ಇಳಿದಿದ್ದರೂ ಬದುಕುತ್ತಿದ್ದ.

“ಸುತ್ತಿ ಬಳಸಿ ಮಾತಾಡಬ್ಯಾಡ್ರಿ! ಏರಿಸ್ಬೇಕೋ ಬ್ಯಾಡೋ ಅಷ್ಟ ಹೇಳ್ರಿ!” ಹಿಂದಿನಿಂದ ಉಚ್ಚೆಂಗಮ್ಮ ಕೂಗಿದಳು.

ಮರಿಸ್ವಾಮಿ ಹೆದರುಪುಕ್ಕಲನೇ ಹೊರತು ಸುಳ್ಳುಗಾರನಲ್ಲ. ಒಂದು ಬೇಸಿಗೆಯೆಲ್ಲ ತಳ ಬಡಿದು ತಿಳಿದದ್ದು ಅವನ ನಾಲಿಗೆಗೆ ಬಂತು. “ನೋಡ್ರಿ, ಕರೆಂಟ್ ಕಳ್ಳತನಕ್ಕ, ದಂಡದ ಖರ್ಚಿಗೆ ಜನರ ಕಡೆ ಒಂದು ಪೈಸಾನೂ ತಗೋಬಾರ್ದು. ಆದ್ರ ಲೈನು ಹಾಕಿದವರಿಗೆ ಗೊತ್ತುಮಾಡಿದ ಲಾಭ ಕೊಡ್ಲೇಬೇಕು. ಇಲ್ಲಂದ್ರ ನಾಳೆ ಯಾರೂ ಲೈನು ಹಾಕಂಗಿಲ್ಲ, ಆಗ ಕರೆಂಟ್ ಇದ್ರೂ ಮನೀತನಕ ಬರಂಗಿಲ್ಲ.”

ಅಧ್ಯಕ್ಷರು ತಲೆಯಾಡಿಸಿದರು. ಬಹುಶಃ ಆ ದಿನ ಆ ಸಭೆಯಲ್ಲಿ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ. ಮಂದಿಗೆ ಅದರಲ್ಲಿ ಕೇಳಿಸಿದ್ದು ‘ಕೊಡ್ಲೇಬೇಕು’ ಎಂಬ ಒಂದು ಪದ ಮಾತ್ರ. ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: ‘ದರ ಏರಿಕೆಗೆ ಹೊಸಪೇಟೆ ಉದ್ಯಮಿ ಒತ್ತಾಯ.’

ಒಂದು ವಾರದಲ್ಲಿ ಮೂರು ಮದುವೆಯ ಪಾತ್ರೆ ಆರ್ಡರು ಬೇರೆ ಅಂಗಡಿಗೆ ಹೋದವು. ಉಚ್ಚೆಂಗಮ್ಮ ಖಾನಾವಳಿಯ ಬಾಗಿಲನ್ನೇ ಇನ್ನೊಂದು ಬದಿಗೆ ಮಾಡಿಸಿಕೊಂಡಳು. ಚೆನ್ನಬಸಮ್ಮ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ನಡೆದರು. ಎಮ್ಮೆಯೊಂದೇ ಅವಳ ಮುಖ ನೋಡಿ ಮಾತಾಡುತ್ತಿದ್ದದ್ದು.

ಸಾಲದ್ದಕ್ಕೆ ಅದೇ ಹೊತ್ತಿಗೆ ಶೇರುಪೇಟೆ ಕುಸಿಯಿತು. ಭೈರವ ಪವರ್ ಲೈನ್ಸಿನ ಬೆಲೆಯೂ ಮೂರರಲ್ಲೊಂದು ಭಾಗ ಇಳಿಯಿತು. ಎರ್ರಿಯಪ್ಪ ಬಂದು ಪಡಸಾಲೆಯಲ್ಲಿ ಕೂತ. “ಮಾವ, ಊರ ಮಂದಿ ಕಡೆ ಬೈಸ್ಕೊಂಡು, ಬೆಲೆನೂ ಕಳ್ಕೊಂಡು, ಇದೇನ್ ಸುಖ? ಮಾರ್ರಿ. ಟಿಪ್ಪರ್ ತಗೊಂಡು ಮರ್ಯಾದಿಯಿಂದ ಬದುಕ್ರಿ.”

ಚೆನ್ನಬಸಮ್ಮ ಗದರಲಿಲ್ಲ, ಅಳಲಿಲ್ಲ. “ನನಗ ನಲ್ಲಿ ಕಡೆ ಹೋಗಾಕ ಆಗವಲ್ದುರೀ” ಎಂದಳು, ಅಷ್ಟೇ. ಮರುದಿನ ಮರಿಸ್ವಾಮಿ ಸ್ಟೇಷನ್ ರಸ್ತೆಯ ಮಹಡಿ ಹತ್ತಿದ.

ಬಸವಕುಮಾರ ಕೈ ಹಿಡಿದು ಹೇಳಿದ: “ಅಣ್ಣಾರ, ಬೆಲೆ ಇಳಿದೈತಿ, ಡಿವಿಡೆಂಡ್ ಇಳಿದಿಲ್ಲ. ಎಮ್ಮಿ ಮಾತು ಅಕ್ಕಾರಿಗೆ ನೀವ ಹೇಳಿದವರು.”

“ಎಮ್ಮಿ ಹೆಸರು ಎತ್ತಬ್ಯಾಡ ತಮ್ಮ” ಎಂದು ಮರಿಸ್ವಾಮಿ ಎಲ್ಲವನ್ನೂ ಮಾರಿ ಬಂದ. ತಾನು ತಪ್ಪು ಮಾಡುತ್ತಿದ್ದೇನೆಂದು ಸ್ಪಷ್ಟವಾಗಿ ತಿಳಿದು ಅವನು ಮಾಡಿದ ತಪ್ಪು ಇದೊಂದೇ. ಅಕ್ಕನಿಗೆ ಹೇಳಲು ಮುಖವಿಲ್ಲದೆ ಸುಮ್ಮನಾದ. ಮನೆಯ ಮುಂದೆ ಬಂದು ನಿಂತ ಟಿಪ್ಪರ್ ಎರ್ರಿಯಪ್ಪನದೆಂದು ಅವಳಿಗೆ ಹೇಳಿಸಿದ.

ಟಿಪ್ಪರ್ ಬಂದದ್ದೇ ತಡ, ಊರು ಅವನನ್ನು ಕ್ಷಮಿಸಿತು. ಪೂಜೆಗೆ ಉಚ್ಚೆಂಗಮ್ಮನೇ ಕುಂಬಳಕಾಯಿ ತಂದಳು. ಖಾನಾವಳಿಯ ಬಾಗಿಲು ಮೊದಲಿನ ಬದಿಗೆ ಬಂತು. ಜಂಬಯ್ಯ ಎಮ್ಮೆ ಬಿಡಿಸಿಕೊಂಡು ಹೋಗುವಾಗ, ಇನ್ನು ಇವರ ಕಡೆ ಕೇಳಿ ಏನು ಬಂತು ಎಂಬಂತೆ ನಿಟ್ಟುಸಿರುಬಿಟ್ಟ. ನಲ್ಲಿಯ ಹತ್ತಿರ ಹೆಂಗಸರು ಚೆನ್ನಬಸಮ್ಮನಿಗೆ ಮೊದಲ ಕೊಡದ ಸರದಿ ಬಿಟ್ಟುಕೊಡತೊಡಗಿದರು. ಎರಡು ವರ್ಷ ಟಿಪ್ಪರ್ ಓಡಿತು. ಆಮೇಲೆ ಕೋರ್ಟಿನ ಆದೇಶವಾಗಿ ಗಣಿಗಳು ನಿಂತವು. ರಸ್ತೆ ಖಾಲಿಯಾಯಿತು, ಕೆಂಪು ಗಿಡಗಳು ಮಳೆಗೆ ಧೂಳು ತೊಳೆದುಕೊಂಡು ಹಸಿರಾದವು. ಎರ್ರಿಯಪ್ಪ ಚೈನು ತೆಗೆದಿಟ್ಟು ಪೂರ್ತಿ ಬಟನ್ ಹಾಕಿದ ಅಂಗಿ ತೊಡಲು ಆರಂಭಿಸಿದ.

ಮರಿಸ್ವಾಮಿಯ ಟಿಪ್ಪರ್ ಕುರೆಕುಪ್ಪದ ಹತ್ತಿರ ಒಂದು ಬಯಲಿನಲ್ಲಿ ನೂರಾರು ಟಿಪ್ಪರುಗಳ ನಡುವೆ ನಿಂತಿತ್ತು. ಒಂದು ಮಧ್ಯಾಹ್ನ ನೋಡಲು ಹೋದ. ಕೇಳಿದ ಬೆಲೆಗೆ ಯಾರೂ ಕೊಳ್ಳುವವರಿಲ್ಲ, ಗುಜರಿಯವನು ಕೂಡ ‘ಮುಂದಿನ ತಿಂಗಳು ನೋಡೋಣ್ರಿ’ ಎಂದಿದ್ದ. ಬಾಡಿಯ ಮೇಲೆ ಯಾರೋ ಪೋಲಿಯೊ ಹನಿಯ ಪೋಸ್ಟರ್ ಅಂಟಿಸಿದ್ದರು. ಬಯಲಿನ ಮೇಲಿಂದ ದೊಡ್ಡ ಲೈನು ಹಾದುಹೋಗಿತ್ತು. ಕೆಳಗೆ ಒಂದು ಎಂಜಿನ್ ಸದ್ದೂ ಇಲ್ಲದ್ದರಿಂದ ತಂತಿಗಳ ಗುಂಯ್ ಎನ್ನುವ ದನಿ ಚೆನ್ನಾಗಿ ಕೇಳಿಸಿತು. ಮರಿಸ್ವಾಮಿ ಬಹಳ ಹೊತ್ತು ಮೇಲೆ ನೋಡುತ್ತಾ ನಿಂತ. ಕತ್ತು ನೋಯಲು ಶುರುವಾದ ಮೇಲೆ ಬಸ್ಸು ಹಿಡಿದು ಮನೆಗೆ ಬಂದ.

ಮನೆಯಲ್ಲಿ ಅಕ್ಕನಾಗಮ್ಮ ಕೂತಿದ್ದಳು. ಮುಖದಲ್ಲಿ ಚಿಂತೆ.

“ತಮ್ಮ, ಊರಾಗಿನ ಮಂದಿ ಎಲ್ಲಾ ಶೇರು ಮಾರು, ಹಂಪಿ ರಸ್ತ್ಯಾಗ ಪ್ಲಾಟ್ ತಗೋ ಅನ್ನಾಕ ಹತ್ಯಾರ. ನನಗ ತಿಳಿಯಂಗಿಲ್ಲ. ನೀನು ಏನು ಮಾಡಿದ್ಯೋ ನಾನೂ ಅದನ್ನ ಮಾಡ್ತೀನಿ. ಇಟ್ಟುಕೊಂಡಿದ್ದೀಯೋ, ಮಾರಿದ್ಯೋ?”

ಚೆನ್ನಬಸಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಾರಿದೆ ಎಂಬ ನಿಜ ಹೇಳಿದರೆ ಅಕ್ಕ ಮಾರುತ್ತಾಳೆ. ತಳ ಗಟ್ಟಿಯಿರುವ ಒಂದೇ ಪಾತ್ರೆಯೂ ಮನೆತನದ ಕೈಬಿಡುತ್ತದೆ. ಸಾವಿರ ಜನರ ಮುಂದೆ ಸುಳ್ಳು ಹೇಳಲಾರದೆ ಹೆಸರು ಕೆಡಿಸಿಕೊಂಡ ಮನುಷ್ಯ ಈಗ ಒಬ್ಬಳ ಮುಂದೆ ಬಾಯಿ ತೆರೆದ.

“ಇಟ್ಟುಕೊಂಡೀನಕ್ಕ. ಒಂದೂ ಮಾರಿಲ್ಲ. ನೀನೂ ಮಾರಬ್ಯಾಡ, ಯಾರು ಏನೇ ಅನ್ಲಿ.”

ಅಕ್ಕನ ಮುಖ ಅರಳಿತು. “ಅಷ್ಟು ಕೇಳಿದ್ರ ಸಾಕಾಗಿತ್ತು ನೋಡು! ಹಂಗಾದ್ರ ಒಂದು ಕೆಲಸ ಮಾಡೋಣು. ಇನ್ನ ವರ್ಷಾ ವರ್ಷಾ ಬರೋ ಡಿವಿಡೆಂಡ್ ಪೂರ್ತಿ ಅಪ್ಪನ ಹೆಸರಿಲೆ ಕಂಪ್ಲಿ ಮಠದಾಗ ದಾಸೋಹ ಮಾಡಿಬಿಡೋಣು. ನಂದು ಎಷ್ಟು ಬರ್ತೈತೋ ನಿಂದೂ ಅಷ್ಟ ಬರ್ತೈತಲ್ಲ, ಅರ್ಧ ನಂದು, ಅರ್ಧ ನಿಂದು.”

ಮರಿಸ್ವಾಮಿ ಹೆಂಡತಿಯ ಕಡೆ ನೋಡಿದ. ಅವಳು ಒಳಗೆ ಹೋಗಿಬಿಟ್ಟಿದ್ದಳು. “ಆಗ್ಲಿ ಅಕ್ಕ” ಎಂದ.

ಹೀಗೆ ಇಲ್ಲದ ಶೇರಿನ ಡಿವಿಡೆಂಡನ್ನು ಮರಿಸ್ವಾಮಿ ಪಾತ್ರೆ ಮಾರಿ ಕೊಡತೊಡಗಿದ. ಮೊದಲ ವರ್ಷ ಅನ್ನ, ಸಾರು, ಪಾಯಸ. ಅಕ್ಕ ಬಡಿಸಿದಳು, ಅವನೂ ಬಡಿಸಿದ. ಎರಡನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಾಗಮ್ಮ ಕಂಪ್ಲಿ ಬಸ್ಸಿಳಿದು, ಪೇಡೆಯ ಡಬ್ಬಿ ಹಿಡಿದು, ಅಂಗಡಿಗೇ ನೇರವಾಗಿ ಬಂದಳು.

“ತಮ್ಮ, ಬಸವಕುಮಾರ ಫೋನ್ ಮಾಡಿದ್ದ. ನಮ್ಮ ಕಂಪನಿಯವರು ಈ ಸಲ ಡಿವಿಡೆಂಡ್ ಒಂದೂವರೆ ಪಟ್ಟು ಮಾಡ್ಯಾರಂತ!”

ಮರಿಸ್ವಾಮಿ ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ಕುಸಿದು ಕೂತ. “ಅಷ್ಟ್ಯಾಕ ಕೊಟ್ರಕ್ಕ? ಒಂದಿಷ್ಟು ಕಂಪನ್ಯಾಗ ಇಟ್ಟುಕೊಂಡಿದ್ರ ಆಗ್ತಿರಲಿಲ್ಲೇನು?”

“ನೋಡ್ರಿ, ಆಸಿ ಅನ್ನೋದು ಇಲ್ಲ ನನ್ನ ತಮ್ಮಗ!” ಎಂದು ಅಕ್ಕ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿ, ಒಂದು ಪೇಡೆ ಅವನ ಬಾಯಿಗಿಟ್ಟಳು. “ಈ ವರ್ಷ ಪಾಯಸ ಬ್ಯಾಡ, ಹೋಳಿಗಿ ಮಾಡಿಸೋಣು. ತುಪ್ಪ ಕೈಬಿಟ್ಟು ಹಾಕ್ಸೋಣು.”

ಬೇಳೆ ಎಷ್ಟು, ಬೆಲ್ಲ ಎಷ್ಟು ಎಂದು ಅಕ್ಕ ಬೆರಳು ಮಡಚುತ್ತಾ ಹೋದಳು. ಮರಿಸ್ವಾಮಿ ಪೇಡೆ ನುಂಗಲಾಗದೆ ಬಾಯಲ್ಲಿಟ್ಟುಕೊಂಡು ಪ್ರತಿಯೊಂದಕ್ಕೂ ಹೂಂಗುಟ್ಟುತ್ತಾ, ಅಟ್ಟದ ಮೇಲಿನ ಹಂಡೆಗಳಲ್ಲಿ ಯಾವುದನ್ನು ಸಿಕ್ಕ ಬೆಲೆಗೆ ಮಾರಬಹುದೆಂದು ನೋಡುತ್ತಿದ್ದ.